ಯಾರೂ ಆಕ್ಷೇಪಿಸಲಿಲ್ಲ

ಒಲೆಯ ಮೇಲೆ ಒಣ ಕಪ್ಪು ದ್ರಾಕ್ಷಿ ಕುದಿಯುತ್ತಿದೆ. ಇಂದು ಶನಿವಾರ, ಸಂಜೆ ಐದೂವರೆ. ನಾಳೆ ತಿಂಗಳ ಮೊದಲ ಭಾನುವಾರ, ನಮ್ಮ ಚರ್ಚಿನಲ್ಲಿ ಪ್ರಭುಭೋಜನ, ಅಂದರೆ ಸ್ವಾಮಿಯ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆಚರಣೆ. ರೊಟ್ಟಿಯನ್ನು ಬೇಕರಿಯಿಂದ ತರುತ್ತೇವೆ. ದ್ರಾಕ್ಷಾರಸವನ್ನು ಮಾತ್ರ ಕೊಂಡು ತರುವ ಪದ್ಧತಿ ನಮ್ಮಲ್ಲಿಲ್ಲ. ಹಿಂದಿನ ದಿನ ನೆನೆಹಾಕಿದ ದ್ರಾಕ್ಷಿಯನ್ನು ಸಭೆಯ, ಅಂದರೆ ಚರ್ಚಿಗೆ ಸೇರಿದ, ಒಬ್ಬರ ಮನೆಯಲ್ಲಿ ಎರಡು ಲವಂಗದೊಂದಿಗೆ ಕುದಿಸಿ, ಕಿವುಚಿ, ಬಿಳಿ ಬಟ್ಟೆಯಲ್ಲಿ ಸೋಸಿ, ಸಕ್ಕರೆ ಬೆರೆಸಿ, ಆರಿದ ಮೇಲೆ ಬಾಟಲಿಗೆ ತುಂಬುತ್ತೇವೆ. ಆ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ ಹೀಗೆ ಹೇಳಬಹುದು: ಅರ್ಧ ಹಬ್ಬದ ಅಡುಗೆಮನೆಯದು, ಅರ್ಧ ಕೆಮ್ಮಿನ ಔಷಧಿಯದು.

ಪಾತ್ರೆ ನಮ್ಮದಲ್ಲ, ಸಾರಮ್ಮ ಟೀಚರದ್ದು. ಅಲ್ಯೂಮಿನಿಯಂ ಪಾತ್ರೆ, ಒಂದು ಕಿವಿ ಮುರಿದಿದೆ, ಒಳಗೆಲ್ಲ ಕಂದು ಬಣ್ಣ ಹಿಡಿದಿದೆ. ಹೋದ ವಾರ ಅವರು ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಹಾಗಾಗಿ ಪಾತ್ರೆ ನಮ್ಮ ಮನೆಗೆ ಬಂತು. ನಾನು ಒಲೆಯ ಮುಂದೆ ನಿಂತು ಅದನ್ನೇ ನೋಡುತ್ತಿದ್ದುದನ್ನು ಕಂಡು ಹೆಂಡತಿ ಗ್ರೇಸ್, "ಏನ್ರಿ, ದ್ರಾಕ್ಷಿ ಹೇಳಿಕೆ ಕೊಡ್ತೈತೆ ಅಂತ ಕಾಯ್ತಿದ್ದೀರಾ? ಸಕ್ಕರೆ ಡಬ್ಬಿ ತಗಂಡ್ ಬರ್ರಿ" ಎಂದಳು.

ಅವಳ ಮಾತಿನಲ್ಲಿ ಕುಟುಕಿದೆ, ಕಾರಣವೂ ಇದೆ. ನಾನು ಜಿಲ್ಲಾ ಪತ್ರಿಕೆಯೊಂದರಲ್ಲಿ ಬಹಳ ವರ್ಷ ವರದಿಗಾರನಾಗಿದ್ದವನು. ಯಾರು, ಎಲ್ಲಿ, ಯಾವಾಗ, ಏನೆಂದರು ಎಂಬುದನ್ನು ಜೇಬಿನ ಪುಸ್ತಕದಲ್ಲಿ ಬರೆದುಕೊಳ್ಳದೆ ನನ್ನ ಕೈ ಸುಮ್ಮನಿರುವುದಿಲ್ಲ. ಮದುವೆ ಮನೆಯಲ್ಲೂ ಬರೆದುಕೊಂಡಿದ್ದೇನೆ. ನನ್ನ ಮದುವೆಯಲ್ಲಿ ಬರೆದುಕೊಳ್ಳಲಿಲ್ಲ ಎಂದು ನಾನು ವಾದಿಸುತ್ತೇನೆ, ಗ್ರೇಸ್ ಒಪ್ಪುವುದಿಲ್ಲ. ಈ ಗುಣಕ್ಕೂ ದುಂಡಗಿನ ಅಕ್ಷರಕ್ಕೂ ಮನ್ನಣೆಯಾಗಿ ಚಿತ್ರದುರ್ಗದ ನಮ್ಮ ಸಭೆಯವರು ನನ್ನನ್ನು ಕಾರ್ಯದರ್ಶಿ ಮಾಡಿದರು. ಸಭಾ ಸಮಿತಿಯ ನಡವಳಿ ಪುಸ್ತಕ ಆಗಿನಿಂದ ನನ್ನ ಕೈಯಲ್ಲಿದೆ. ಅದರಲ್ಲಿ ಇವತ್ತಿನವರೆಗೆ ಒಂದು ತಪ್ಪು ಸಂಗತಿಯಿಲ್ಲ ಎಂದು ನಾನು ಹೆಮ್ಮೆಪಡುತ್ತಿದ್ದೆ.

ಸಾರಮ್ಮ ಟೀಚರ್ ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಕಡೆ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತರಾಗಿ ದುರ್ಗಕ್ಕೆ ಬಂದವರು. ಮದುವೆಯಾಗಲಿಲ್ಲ. ಭಾನುವಾರ ಆರಾಧನೆಗೆ ಮುಂಚೆ ಮಕ್ಕಳಿಗೆ ಸಂಡೆ ಸ್ಕೂಲ್ ನಡೆಸುತ್ತಿದ್ದರು. ಅವರ ತಂದೆ ಹರಿಯಬ್ಬೆ ಕಡೆಯ ಕುರಿಗಾಹಿ, ನಡುವಯಸ್ಸಿನಲ್ಲಿ ನಮ್ಮ ಚರ್ಚಿನಲ್ಲೇ ದೀಕ್ಷಾಸ್ನಾನ ಪಡೆದವರು. ಕುರಿ ರೊಪ್ಪದ ಸುತ್ತ ಮುಳ್ಳಿನ ಬೇಲಿ ಇರುತ್ತದೆ, ಬಾಗಿಲೆಂದರೆ ಒಂದು ದೊಡ್ಡ ಜಾಲಿಮುಳ್ಳಿನ ಕೊಂಬೆ. ಸಂಜೆ ಕುರಿಗಳೆಲ್ಲ ಒಳಗೆ ಬಂದ ಮೇಲೆ ಆ ಮುಳ್ಳನ್ನು ಬಾಯಿಗೆ ಅಡ್ಡ ಎಳೆಯುತ್ತಾರೆ. "ಒಂದು ಕುರಿ ಹಿಂದೆ ಬಿದ್ದಿದ್ರೂ ನಮ್ಮಪ್ಪ ಮುಳ್ಳು ಎಳೀತಿರ್ಲಿಲ್ಲ. ಅಲ್ಲೇ ನಿಂತ್ಕಂಡು ಕೂಗ್ತಿದ್ದ. ಅವ್ವ ಮುದ್ದೆ ಆರೋಯ್ತು ಅಂತ ಬಯ್ತಿದ್ಲು. ದೇವ್ರು ನಮ್ಮಪ್ಪನಿಗಿಂತ ಕಡೆಯೇನ್ರಲೇ?" ಎಂದು ಅವರು ಮಕ್ಕಳನ್ನು ಕೇಳುತ್ತಿದ್ದರು.

ಅವರ ನಂಬಿಕೆ ಅಷ್ಟೆ. ಕೊನೆಗೆ ಯಾರೂ ಪರಲೋಕದ ಹೊರಗೆ ಉಳಿಯುವುದಿಲ್ಲ. ತಪ್ಪಿಗೆ ಶಿಕ್ಷೆಯುಂಟು, ಆ ಶಿಕ್ಷೆಗೆ ಕೊನೆಯೂ ಉಂಟು. ದೀಕ್ಷಾಸ್ನಾನ ಆಗದವರೂ, ಸ್ವಾಮಿಯ ಹೆಸರೇ ಕೇಳದವರೂ, ಕೇಳಿ ನಕ್ಕವರೂ ಒಂದು ದಿನ ಒಳಗೆ ಬರುತ್ತಾರೆ. ನಮ್ಮ ಸಭೆ ಕಲಿಸುವುದು ಇದನ್ನಲ್ಲ, ನಂಬದವರಿಗೆ ಕೊನೆಯಿಲ್ಲದ ನರಕ ಎಂಬುದನ್ನು. ಟೀಚರ್ ಇದನ್ನು ಮುಚ್ಚಿಟ್ಟುಕೊಳ್ಳಲಿಲ್ಲ, ಸಾರಿಕೊಂಡು ತಿರುಗಲೂ ಇಲ್ಲ. ಮಾತು ಬಂದಾಗ ಹೇಳಿಬಿಡುತ್ತಿದ್ದರು. ಹೇಳಿದಾಗ ಸಭಾಹಿರಿಯ ದಾನಪ್ಪನವರಿಗೆ ಕೆಮ್ಮು ಬರುತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದಂತೆ ಒಂದೇ ಬೆಂಚಿನಲ್ಲಿ ಕೂರುವುದು ಸಣ್ಣ ಸಭೆಗಳಿಗೆ ಚೆನ್ನಾಗಿ ಬರುತ್ತದೆ.

ಹೊಳಲ್ಕೆರೆಯಲ್ಲಿ ಮನೆಯೊಂದರಲ್ಲಿ ಸೇರುವ ಕೆಲವರು ಇದೇ ರೀತಿ ನಂಬುವವರು. ಟೀಚರ ಸುದ್ದಿ ಕೇಳಿ, ನಮ್ಮ ಜೊತೆ ಬಂದುಬಿಡಿ ಎಂದು ಕರೆದರು. ಒಂದು ಸಲ ಹೋಗಿ ಬಂದರು. ಹೇಗಿತ್ತು ಎಂದು ಕೇಳಿದೆ.

"ಚೆನ್ನಾಗಿತ್ತು. ನಾನು ಹೇಳಿದ್ದಕ್ಕೆಲ್ಲ ಹೂಂ ಅಂದ್ರು. ಅಲ್ಲ ಪೇಪರ್ನೋರೆ, ಎಲ್ಲರೂ ಹೂಂ ಅಂದ್ರೆ ನಾನು ಯಾರ ಜತೆ ಮಾತಾಡ್ಲಿ? ಕೋಲೆಬಸವನ ಮನೆ ಆದಂಗಾತು. ನಮ್ಮ ದಾನಪ್ಪನ ಕೆಮ್ಮೇ ವಾಸಿ."

ಅವರು ನನ್ನನ್ನು ಯಾವಾಗಲೂ ಪೇಪರ್ನೋರೆ ಎಂದೇ ಕರೆಯುತ್ತಿದ್ದರು. ಅದರಲ್ಲಿ ಎಷ್ಟು ಮರ್ಯಾದೆ, ಎಷ್ಟು ಹಾಸ್ಯ ಎಂಬುದನ್ನು ನಾನು ಇನ್ನೂ ಖಚಿತಪಡಿಸಿಕೊಂಡಿಲ್ಲ.

ನನ್ನ ಮಾತನ್ನೂ ಇಲ್ಲಿ ಹೇಳಬೇಕು. ಪತ್ರಿಕೆಯಲ್ಲಿ ನನಗೆ ಪ್ರೂಫ್ ನೋಡುವುದನ್ನು ಕಲಿಸಿದವರು ಬಾಷಾ ಸಾಬರು. ದುರ್ಗದ ಹಳೇ ಮನೆತನ, ಅಚ್ಚುಮೊಳೆಯ ಕಾಲದಿಂದಲೂ ಪ್ರೆಸ್ಸಿನಲ್ಲಿದ್ದವರು. ನನ್ನ ಮೊದಲ ದೊಡ್ಡ ವರದಿಯಲ್ಲಿ ಬದುಕಿದ್ದವರೊಬ್ಬರನ್ನು ದಿವಂಗತರೆಂದು ಬರೆದು ನಾನು ನಡುಗುತ್ತ ನಿಂತಿದ್ದಾಗ ಅವರು ಹೇಳಿದ್ದು: "ತಪ್ಪು ಬಿತ್ತಾ? ಬೀಳ್ಲಿ. ನಾಳೆ ತಿದ್ದುಪಡಿ ಹಾಕ್ರಿ. ಆದ್ರೆ ಎಲ್ಲಿ ಬಿತ್ತೋ ಅಲ್ಲೇ ಹಾಕ್ಬೇಕು. ಒಂದನೇ ಪುಟದ ತಪ್ಪಿಗೆ ಏಳನೇ ಪುಟದಲ್ಲಿ ಮಾಫಿ ಕೇಳೋದು ಶರೀಫ್ ಕೆಲಸ ಅಲ್ಲ." ಅವರು ತೀರಿಕೊಂಡ ದಿನ ಖಬರಸ್ಥಾನದ ಗೋಡೆಯ ಪಕ್ಕ ನಿಂತಿದ್ದಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಈ ಮನುಷ್ಯ ಎಂದೆಂದಿಗೂ ಹೊರಗಿರುವ ಪರಲೋಕವನ್ನು ನಾನು ನಂಬಲಾರೆ. ಸಾರಮ್ಮ ಟೀಚರ್ ಹೇಳುತ್ತಿದ್ದುದನ್ನೇ ನಾನೂ ನಂಬಿದ್ದೆ. ಅವರು ಹೇಳುತ್ತಿದ್ದರು, ನಾನು ಹೇಳುತ್ತಿರಲಿಲ್ಲ. ವರದಿಗಾರನಿಗೆ ಅಭಿಪ್ರಾಯವಿರಬಾರದು ಎಂಬುದು ನಾನು ನನಗೇ ಕೊಟ್ಟುಕೊಂಡ ಕಾರಣ.

ಈಗ ಆ ದಿನಕ್ಕೆ ಬರುತ್ತೇನೆ. ಆರು ವರ್ಷದ ಹಿಂದಿನ ಮಾತು.

ಹಿರಿಯೂರು ರಸ್ತೆಯ ಹಳ್ಳಿಯೊಂದರಿಂದ ರತ್ನಮ್ಮ ಎಂಬಾಕೆ ನಮ್ಮ ಸಭೆಗೆ ಬರುತ್ತಿದ್ದಳು. ಗಂಡ ಮೈಲಾರಪ್ಪ ಕುರಿ ಸಾಕುವವನು, ಕ್ರೈಸ್ತನಲ್ಲ. ಆದರೂ ಪ್ರತಿ ಭಾನುವಾರ ಹೆಂಡತಿಯನ್ನು ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಬಂದು, ಆರಾಧನೆ ಮುಗಿಯುವವರೆಗೆ ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಿದ್ದ. ಒಳಗೆ ಬಾರಪ್ಪ ಎಂದರೆ "ಚಪ್ಲಿ ಯಾರು ಕಾಯ್ತಾರೆ ಬುದ್ಧಿ?" ಎನ್ನುತ್ತಿದ್ದ. ಪಾದ್ರಿಗಳ ಉಪದೇಶ, ನಮ್ಮ ಮಾತಿನಲ್ಲಿ ಪ್ರಸಂಗ, ಉದ್ದವಾದರೆ ಒಂದು ಸಲ ಹಾರನ್ ಹಾಕುತ್ತಿದ್ದ, ಒಂದೇ ಸಲ. ನಮ್ಮಲ್ಲಿ ಅನೇಕರು ಅವನಿಗೆ ಕೃತಜ್ಞರಾಗಿದ್ದರು. ಒಂದು ಬೆಳಿಗ್ಗೆ ಎದೆನೋವು ಬಂದು ಹೋಗಿಬಿಟ್ಟ.

ನಲವತ್ತನೆಯ ದಿನ ರತ್ನಮ್ಮ ತನ್ನ ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಂಡಳು. ನಾವು ಏಳೆಂಟು ಜನ ಹೋದೆವು. ನಮ್ಮಲ್ಲಿ ಪಾದ್ರಿಗಳನ್ನು ಅಯ್ಯನವರು ಎನ್ನುತ್ತೇವೆ. ಆಗಿದ್ದ ಅಯ್ಯನವರು ಶ್ರದ್ಧೆಯ ಮನುಷ್ಯ, ರೋಗಿಗಳ ಮನೆಗೆ ಬಿಸಿಲಲ್ಲಿ ನಡೆದುಕೊಂಡೇ ಹೋಗುತ್ತಿದ್ದವರು. ಪ್ರಾರ್ಥನೆ ಮುಗಿಯಿತು. ಆಮೆನ್ ಎಂದ ಮೇಲೂ ರತ್ನಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಅಯ್ನೋರೆ, ನಮ್ಮ ಯಜಮಾನ್ರು ಈಗ ಎಲ್ಲವ್ರೆ?"

ಅಯ್ಯನವರು ಕನ್ನಡಕ ತೆಗೆದು ಒರೆಸಿದರು. "ದೇವರು ನ್ಯಾಯವಂತನಮ್ಮ" ಎಂದರು.

"ಅದು ಗೊತ್ತು. ಎಲ್ಲವ್ರೆ ಅಂತ ಕೇಳ್ದೆ."

"ನಂಬದೆ ಹೋದವರ ವಿಷಯದಲ್ಲಿ ಬೈಬಲಿನ ವಾಕ್ಯ ಸ್ಪಷ್ಟವಾಗಿದೆ. ನಾನು ನಿಮಗೆ ಸುಳ್ಳು ಹೇಳಲಾರೆ."

ರತ್ನಮ್ಮ ಅಳಲಿಲ್ಲ. ಗೋಡೆಗೆ ಒರಗಿದಳು, ಅಷ್ಟೆ. ಆಗ ಬಾಗಿಲ ಬಳಿ ಕೂತಿದ್ದ ಸಾರಮ್ಮ ಟೀಚರ್ ಮಾತಾಡಿದರು. ದನಿ ಏರಿಸಲಿಲ್ಲ.

"ಅಯ್ನೋರೆ, ಸತ್ತ ಮೇಲೆ ಸ್ವಾಮಿ ಪಾತಾಳಕ್ಕೆ ಇಳಿದ ಅಂತ ವಾರವಾರ ಎದ್ದು ನಿಂತು ಹೇಳ್ತೀವಲ್ಲ. ಇಳಿದೋನು ಅಲ್ಲಿದ್ದೋರ್ನ ಬಿಟ್ಟು ಬರಿಗೈಲಿ ಹತ್ತಿ ಬಂದ್ನೇನ್ರಿ?" ಆಮೇಲೆ ರತ್ನಮ್ಮನ ಕಡೆ ತಿರುಗಿ, "ನಿನ್ನ ಗಂಡ ಸಿಗ್ತಾನೆ ಕಣವ್ವ. ತಡ ಆಗಬಹುದು. ಸಿಗ್ತಾನೆ" ಎಂದರು.

ನಾನೇನು ಮಾಡಿದೆ ಎಂದು ಕೇಳುತ್ತೀರಾ? ಬರೆದುಕೊಂಡೆ. ಜೇಬಿನ ಪುಸ್ತಕ ತೆಗೆದು, ಅಕ್ಷರ ಬಿಡದೆ. ಒಳ್ಳೆಯ ಮಾತು ಕಿವಿಗೆ ಬಿದ್ದರೆ ಕೈ ತಾನಾಗಿ ಹೋಗುತ್ತದೆ. ವಾಪಸ್ ಬರುವಾಗ ಟೆಂಪೊದಲ್ಲಿ ದಾನಪ್ಪನವರು ನನ್ನ ಪಕ್ಕ ಕೂತರು. ಅವರಿಗೆ ಆ ದಿನ ಕೆಮ್ಮು ಬಂದಿರಲಿಲ್ಲ. ಇಷ್ಟು ದಿನ ಆ ಮಾತು ನಮ್ಮ ನಮ್ಮಲ್ಲಿತ್ತು, ಇವತ್ತು ಅಯ್ಯನವರ ಮುಖದ ಮುಂದೆ, ಸಾವಿನ ಮನೆಯಲ್ಲಿ ಬಂದುಬಿಟ್ಟಿತ್ತು.

"ಆಯಮ್ಮ ಅಂದಿದ್ದು ಸರಿಯಾಗಿ ಏನು? ನೀವು ಬರ್ಕಂಡ್ರಲ್ಲ, ಓದ್ರಿ."

ಓದಿದೆ. ತಪ್ಪಿಲ್ಲದೆ ಓದಿದೆ. ಹೆಂಗಸರು ದುಃಖದಲ್ಲಿ ಏನೋ ಅಂದುಕೊಂಡರು ಎಂದು ಹೇಳಿ ಮುಗಿಸಬಹುದಿತ್ತು. ಸಭೆಯಲ್ಲಿ ಇಂಥ ಮಾತುಗಳು ಅಷ್ಟು ವರ್ಷ ಹಾಗೇ ಮುಗಿದಿದ್ದವು. ಬಾಯಿಮಾತಾಗಿ ಕರಗಿಹೋಗಬೇಕಾದದ್ದನ್ನು ನಾನು ಬರಹದಲ್ಲಿ ಹಿಡಿದುಕೊಟ್ಟೆ.

ಮುಂದಿನ ವಾರ ಸಮಿತಿ ಸೇರಿತು. ಚರ್ಚಿನ ಪಕ್ಕದ ಕೋಣೆ, ಏಳು ಕುರ್ಚಿ, ಟೀಚರಿಗೆ ಎಂಟನೆಯದು. ನನ್ನ ಜೇಬಿನ ಪುಸ್ತಕದ ವಾಕ್ಯಗಳನ್ನು ಅಯ್ಯನವರು ಗಟ್ಟಿಯಾಗಿ ಓದಿದರು.

"ಇದು ನೀವು ಹೇಳಿದ್ದಾ?"

"ಹೌದ್ರಿ. ಪೇಪರ್ನೋರು ಒಂದಕ್ಷರ ತಪ್ಪಿಲ್ಲ" ಎಂದು ಟೀಚರ್ ನನ್ನ ಕಡೆ ನೋಡಿದರು. ವ್ಯಂಗ್ಯವಿತ್ತೇ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ಎಲ್ಲರೂ ಕೊನೆಗೆ ಬಂದೇ ಬರ್ತಾರೆ ಅಂದ್ರೆ, ನಾನು ವಾರವಾರ ಗಂಟಲು ಹರಕೊಳ್ಳೋದು ಯಾಕಮ್ಮ?" ಅಯ್ಯನವರ ದನಿಯಲ್ಲಿ ಕೋಪಕ್ಕಿಂತ ನೋವು ಹೆಚ್ಚಾಗಿತ್ತು.

"ಈಗ್ಲೇ ಬಂದ್ರೆ ಚೆಂದ ಅಂತ ಹೇಳಾಕೆ, ಅಯ್ನೋರೆ. ಮದುವೆಗೆ ಎಲ್ಲರೂ ಬರ್ತಾರೆ ಅಂತ ಕರೆಯೋದು ಬಿಡ್ತೀವಾ?"

ಒಬ್ಬರು ನಗಲು ಹೋಗಿ ನಿಲ್ಲಿಸಿಕೊಂಡರು. ದಾನಪ್ಪನವರು ಕಾಗದವೊಂದನ್ನು ಮುಂದಿಟ್ಟರು. ಹೇಳಿದ್ದು ತಪ್ಪು, ಮುಂದೆ ಹೇಳುವುದಿಲ್ಲ ಎಂದು ಸಹಿ ಹಾಕಬೇಕು. ಹಾಕದಿದ್ದರೆ ಸಂಡೆ ಸ್ಕೂಲ್ ಇಲ್ಲ, ಪ್ರಭುಭೋಜನವೂ ಇಲ್ಲ.

ಟೀಚರ್ ಕಾಗದವನ್ನು ಪರೀಕ್ಷೆಯ ಉತ್ತರಪತ್ರಿಕೆಯಂತೆ ಎರಡು ಸಲ ಓದಿದರು. "ಸಹಿ ಹಾಕಾಕೆ ಬರಲ್ಲ. ಹಾಕಿದ್ರೆ ರತ್ನಮ್ಮಂಗೆ ಸುಳ್ಳು ಹೇಳ್ದಂಗಾಗ್ತೈತೆ."

"ಹಂಗಾರೆ ನಿಮಗೆ ಸರಿ ಕಾಣೋ ಸಭೆಗೆ ಹೋಗಬಹುದಲ್ಲಮ್ಮ" ಎಂದರು ದಾನಪ್ಪ.

"ನನಗೆ ಸರಿ ಕಾಣೋದು ಇದೇ ಸಭೆ, ದಾನಪ್ಪ. ನಮ್ಮಪ್ಪನ ತಲೆ ಮ್ಯಾಲೆ ನೀರು ಹಾಕಿದ್ದು ಇಲ್ಲಿ. ಕುಡೀಬ್ಯಾಡ ಅಂದ್ರೆ ಕುಡಿಯಲ್ಲ. ಬೆಂಚಿನ ಮ್ಯಾಲೆ ಕುಂದ್ರಬ್ಯಾಡ ಅನ್ನಾಕೆ ಮಾತ್ರ ಬರಲ್ಲ ನಿಮಗೆ."

ಅವರು ಎದ್ದು ಹೋದ ಮೇಲೆ ಅಯ್ಯನವರು ಕೇಳಿದರು: "ಯಾರದಾದರೂ ಆಕ್ಷೇಪಣೆ ಇದೆಯೆ?" ನನ್ನ ಪೆನ್ನು ಕಾಗದದ ಮೇಲಿತ್ತು. ಬಾಷಾ ಸಾಬರು ನೆನಪಾದರು. ಬಾಯಿ ತೆರೆದರೆ ಎಂಟನೆಯ ಕುರ್ಚಿಯಲ್ಲಿ ಮುಂದೆ ಕೂರಬೇಕಾದವನು ನಾನೇ ಎಂಬುದೂ ನೆನಪಾಯಿತು. ನಾನು ಬರೆದೆ: "ನಿರ್ಣಯ ಅಂಗೀಕಾರವಾಯಿತು. ಯಾರೂ ಆಕ್ಷೇಪಿಸಲಿಲ್ಲ."

ಸಂಗತಿಯಾಗಿ ಅದು ನಿಜ. ಆ ವಾಕ್ಯದಲ್ಲಿ ಇವತ್ತಿಗೂ ತಪ್ಪು ಹುಡುಕಲು ಆಗುವುದಿಲ್ಲ.

ಇಷ್ಟು ಗಂಭೀರವಾಗಿ ಎಲ್ಲವನ್ನೂ ತೀರ್ಮಾನಿಸಿದ ನಾವು ಏಳೂ ಜನ ಒಂದು ಸಣ್ಣ ವಿಷಯವನ್ನು ಮರೆತಿದ್ದೆವು. ದ್ರಾಕ್ಷಾರಸ ಕಾಯಿಸುತ್ತಿದ್ದುದು ಟೀಚರ ಮನೆಯಲ್ಲಿ. ಅದು ಹೊಳೆದದ್ದು ಪ್ರಭುಭೋಜನದ ಹಿಂದಿನ ದಿನ, ಶನಿವಾರ ಮಧ್ಯಾಹ್ನ. ನೋಡಿಕೊಂಡು ಬನ್ನಿ ಎಂದು ಅಯ್ಯನವರು ನನ್ನನ್ನು ಅಟ್ಟಿದರು. ಟೀಚರ ಬೀದಿಯ ತಿರುವಿನಲ್ಲೇ ವಾಸನೆ ಬಂತು. ಒಳಗೆ ಇದೇ ಪಾತ್ರೆ, ಆಗ ಎರಡೂ ಕಿವಿ ಇದ್ದವು. ಟೀಚರ್ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಟ್ಟೆಯಲ್ಲಿ ಸೋಸುತ್ತಿದ್ದರು.

"ಟೀಚರ್, ಸಮಿತಿ..." ಎಂದು ಶುರು ಮಾಡಿದೆ.

"ಕುಡೀಬ್ಯಾಡ ಅಂತ ಬರ್ದಿದೀರಿ. ಕಾಯಿಸಬ್ಯಾಡ ಅಂತ ಎಲ್ಲಿ ಬರ್ದಿದೀರಿ ತೋರಿಸ್ರಿ. ಕುಂತ್ಕಳ್ರಿ, ಸುಮ್ನೆ ಬಾಗ್ಲಲ್ಲಿ ನಿಂತ್ಕಂಡು ಗಾಳಿ ಅಡ್ಡ ಆಗ್ಬ್ಯಾಡ್ರಿ."

ಕೂತೆ. ಸಕ್ಕರೆ ಹಾಕಿ ಕಲಸಿದರು. ಒಂದು ಚಮಚ ರಸ ತೆಗೆದು ಅಭ್ಯಾಸದಂತೆ ಬಾಯಿಯ ಹತ್ತಿರ ತಂದವರು ಅಲ್ಲೇ ನಿಂತರು. ಚಮಚವನ್ನು ನನ್ನ ಕಡೆ ಚಾಚಿದರು.

"ನಾನು ನೋಡಂಗಿಲ್ಲವಲ್ಲ. ನೀವು ನೋಡ್ರಿ. ಸಕ್ಕರೆ ಸಾಕಾ?"

ಚಮಚ ತೆಗೆದುಕೊಂಡು ರುಚಿ ನೋಡಿ, ಸಾಕು ಎಂದೆ. ಆ ಮನೆಯಲ್ಲಿ ನಾನು ಆ ಪ್ರಶ್ನೆಯೊಂದನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಮರುದಿನ ಅವರು ಎಂದಿನಂತೆ ಮೂರನೆಯ ಬೆಂಚಿನಲ್ಲಿ ಕೂತಿದ್ದರು. ಸಾಲುಸಾಲಾಗಿ ಜನ ಎದ್ದು ಮುಂದೆ ಹೋಗತೊಡಗಿದರು. ಮೂರನೆಯ ಬೆಂಚಿನ ಸರದಿ ಬಂತು. ಟೀಚರ್ ಕಾಲು ಒತ್ತಟ್ಟಿಗೆ ಸರಿಸಿ ಉಳಿದವರಿಗೆ ದಾರಿ ಬಿಟ್ಟರು. ಬೆಂಚು ಖಾಲಿಯಾಯಿತು ಎಂದುಕೊಂಡೆ. ಆಗಿರಲಿಲ್ಲ. ಗೋಡೆಯ ಕಡೆಯ ತುದಿಯಲ್ಲಿ ರತ್ನಮ್ಮ ಕೂತೇ ಇದ್ದಳು. ಯಜಮಾನನಿಲ್ಲದ ಮೇಲೆ ಬಸ್ಸಿನಲ್ಲಿ ಬಂದವಳು. ಅಯ್ಯನವರು ಅವಳತ್ತ ನೋಡಿದರು, ಕಾದರು. ಅವಳು ನಿಧಾನವಾಗಿ ಟೀಚರ ಪಕ್ಕಕ್ಕೆ ಸರಿದು ಕೂತಳು. ಇಡೀ ಚರ್ಚು ಅದನ್ನು ನೋಡಿತು.

ನಾನು ಐದನೆಯ ಬೆಂಚಿನವನು. ಎದ್ದೆ, ಅವರಿಬ್ಬರ ಪಕ್ಕದಲ್ಲೇ ಹಾದುಹೋದೆ, ಪುಟ್ಟ ಗಾಜಿನ ಲೋಟ ತೆಗೆದುಕೊಂಡು ಕುಡಿದೆ. ಸಕ್ಕರೆ ಸರಿಯಾಗಿತ್ತು.

ಅಲ್ಲಿಂದ ಆರು ವರ್ಷ ತಿಂಗಳಿಗೊಮ್ಮೆ ಅವರು ಕಾಯಿಸಿದರು, ನಾವು ಕುಡಿದೆವು. ರುಚಿ ನೋಡುವ ಕೆಲಸ ನನಗೇ ಅಂಟಿಕೊಂಡಿತು. ಆ ಅಯ್ಯನವರು ವರ್ಗವಾಗಿ ಹೋದರು. ಹೋಗುವ ದಿನ ಟೀಚರ ಮನೆಗೆ ಹೋಗಿ ಬಹಳ ಹೊತ್ತು ಕೂತಿದ್ದರಂತೆ, ಏನು ಮಾತಾಡಿದರೋ ತಿಳಿಯದು. ಹೊಸ ಅಯ್ಯನವರು ಬಂದರು, ಚಿಕ್ಕ ವಯಸ್ಸಿನವರು. ಮೊದಲ ತಿಂಗಳೇ ತಟ್ಟೆ ಹಿಡಿದು ಮೂರನೆಯ ಬೆಂಚಿಗೆ ಬಂದು, ಕಾಲುನೋವಿರಬೇಕೆಂದು ತಿಳಿದು, ಟೀಚರಿಗೆ ಲೋಟ ಚಾಚಿಬಿಟ್ಟರು. ಆರು ವರ್ಷ ಕಾದವರು ಸುಮ್ಮನೆ ಕುಡಿಯಬಹುದಿತ್ತು. "ನನ್ನ ಮ್ಯಾಲೆ ಒಂದು ನಡವಳಿ ಐತೆ ಅಯ್ನೋರೆ. ಓದ್ರಿ, ಆಮ್ಯಾಲೆ ಕೊಡಾಣ ಅನ್ನಿಸಿದ್ರೆ ಕೊಡ್ರಿ" ಎಂದರು.

ಅಯ್ಯನವರು ನನ್ನಿಂದ ಪುಸ್ತಕ ತರಿಸಿ ಓದಿದರು. ಹೋದ ತಿಂಗಳ ಮಾತಿದು. "ಒಮ್ಮತದ ನಿರ್ಣಯ. ನಿನ್ನೆ ಮೊನ್ನೆ ಬಂದ ನಾನು ಹೇಗೆ ಮುರಿಯಲಿ, ಸರ್?" ಎಂದರು. "ಆ ದಿನ ಇದ್ದವರಲ್ಲಿ ಒಬ್ಬರಾದರೂ ಬೇಡ ಅಂದಿದ್ದರೆ ಮತ್ತೆ ಸಭೆಯ ಮುಂದೆ ಇಡಬಹುದಿತ್ತು. ಯಾರೂ ಆಕ್ಷೇಪಿಸಲಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದೀರಲ್ಲ."

ಹೌದು, ಸ್ಪಷ್ಟವಾಗಿ ಬರೆದಿದ್ದೇನೆ. ದುಂಡಗಿನ ಅಕ್ಷರ.

ಈಗ ಇಷ್ಟು ಹೇಳಿಬಿಡುತ್ತೇನೆ. ಸಕ್ಕರೆ ಡಬ್ಬಿ ತಂದುಕೊಟ್ಟ ಮೇಲೆ ನಾನು ಕೋಣೆಗೆ ಹೋಗಿ ನಡವಳಿ ಪುಸ್ತಕ ತೆಗೆದೆ. ಅದೇ ಪುಟ. ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಉಳಿದಿತ್ತು. ಬರೆದೆ:

"ತಿದ್ದುಪಡಿ. ಮೇಲಿನ ನಿರ್ಣಯವನ್ನು ಒಬ್ಬ ಸದಸ್ಯ ಒಪ್ಪಿರಲಿಲ್ಲ, ಆದರೆ ಹೇಳಲಿಲ್ಲ. ಆತ ಈ ನಡವಳಿ ಬರೆದ ಕಾರ್ಯದರ್ಶಿ. ಸಾರಮ್ಮನವರು ನಂಬುವುದನ್ನೇ ಆತನೂ ನಂಬುತ್ತಾನೆ. ಅವರಿಗೆ ಹಾಕಿದ ತಡೆಯನ್ನು ಅವನಿಗೂ ಹಾಕಬೇಕು, ಇಲ್ಲವೇ ಇಬ್ಬರಿಗೂ ತೆಗೆಯಬೇಕು. ನಾಳಿನ ಆರಾಧನೆಗೆ ಮುಂಚೆ ಇದನ್ನು ಸಭೆಯ ಮುಂದೆ ಓದಬೇಕೆಂದು ಕೋರಿಕೆ."

ಸಹಿ ಹಾಕಿ ಅಯ್ಯನವರಿಗೆ ಫೋನ್ ಮಾಡಿದೆ. ಅವರು ಬರೆದದ್ದನ್ನು ಓದಿಸಿ ಕೇಳಿಕೊಂಡು, "ಓದುತ್ತೇನೆ. ಆಮೇಲೆ ಏನಾಗುತ್ತದೋ ನನಗೆ ಗೊತ್ತಿಲ್ಲ" ಎಂದರು. ನನಗೂ ಗೊತ್ತಿಲ್ಲ. ದಾನಪ್ಪನವರು ಕೆಮ್ಮುತ್ತಾರೋ, ಎದ್ದು ನಿಲ್ಲುತ್ತಾರೋ, ಬಿಷಪ್ಪರಿಗೆ ಕಾಗದ ಹೋಗುತ್ತದೋ ಹೇಳಲಾರೆ. ಟೀಚರಿಗೂ ಫೋನ್ ಮಾಡಿ ಬರೆದದ್ದನ್ನು ಓದಿ ಹೇಳಿದೆ.

"ಅಯ್ಯೋ ಪೇಪರ್ನೋರೆ" ಎಂದರು. "ಸುದ್ದಿ ಮುಟ್ಟಾಕೆ ಆರು ವರ್ಷ ಹಿಡೀತಲ್ರಿ ನಿಮ್ಮ ಪೇಪರಿಗೆ."

"ತಡ ಆಯ್ತು ಟೀಚರ್. ನಾಳೆ ಮೂರನೇ ಬೆಂಚಿನಲ್ಲಿ ಜಾಗ ಇರುತ್ತಾ?"

ಅತ್ತ ಕಡೆ ಅವರು ಮುರಿದ ಕೈ ಸರಿಪಡಿಸಿಕೊಂಡ ಸದ್ದು, ಸಣ್ಣ ನರಳಿಕೆ.

"ಮುಳ್ಳು ಇನ್ನೂ ಎಳ್ದಿಲ್ಲ. ಬರ್ರಿ."

ಅಡುಗೆಮನೆಯಲ್ಲಿ ಗ್ರೇಸ್ ಸೋಸಿ ಮುಗಿಸಿದ್ದಳು. ಚಮಚದಲ್ಲಿ ರಸ ತೆಗೆದು ನನ್ನ ಕಡೆ ಚಾಚಿ, ಸಕ್ಕರೆ ಸಾಕಾ ನೋಡಿ ಎಂದಳು. ನಾನು ನೋಡುವ ಹಾಗಿಲ್ಲ ಎಂದೆ. ಅವಳು ನನ್ನ ಮುಖ ನೋಡಿದಳು, ನನ್ನ ಕೈಯಲ್ಲಿ ತೆರೆದೇ ಇದ್ದ ನಡವಳಿ ಪುಸ್ತಕ ನೋಡಿದಳು, ಆಮೇಲೆ ತಾನೇ ರುಚಿ ನೋಡಿ, ಇನ್ನೊಂದು ಚಮಚ ಸಕ್ಕರೆ ಹಾಕಿದಳು.